ಬಡಿಸಿದವರು ಉಂಡರೇ?

ಹಂಪಿಯೆದುರು ತುಂಗಭದ್ರೆಯಾಚೆಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದವರಿಗೆ ಹಸಿವು ತಡೆಯುವುದಿಲ್ಲ. ಬೆಟ್ಟದ ಬುಡದ ಹನುಮನಹಳ್ಳಿಯಲ್ಲಿ ಆ ಹಸಿವಿಗೆ ಹೊತ್ತುಗೊತ್ತಿಲ್ಲದೆ ಊಟ ಸಿಗುತ್ತದೆ. ರಸ್ತೆ ಬದಿಯ ಗಾಡಿಯಲ್ಲಿ ಮಂಡಕ್ಕಿ ವಗ್ಗರಣಿ, ಬಿಸಿ ಮಿರ್ಚಿ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಅನ್ನ, ಸಾರು. ಭತ್ತದ ಗದ್ದೆಯ ಅಂಚಿನ ಗೆಸ್ಟ್‌ಹೌಸ್‌ಗಳಿಗೆ ಹೋದರೆ ನೆಲದ ಮೇಲೆ ಗಾದಿ ಹಾಸಿ, ಗಿಡ್ಡ ಮೇಜಿನ ಮೇಲೆ ಪ್ಯಾನ್‌ಕೇಕ್, ಹಮ್ಮಸ್, ಪಾಸ್ತಾ, ಶಕ್ಷುಕಾ ತಂದಿಡುತ್ತಾರೆ. ಅತಿಥಿ ತಿನ್ನುವುದೆಲ್ಲದರ ಬಗ್ಗೆ ಜನ ಬರೆದಿದ್ದಾರೆ, ನಕ್ಷತ್ರ ಕೊಟ್ಟಿದ್ದಾರೆ, ಫೋಟೊ ಹಾಕಿದ್ದಾರೆ. ಅದನ್ನು ತಂದಿಟ್ಟ ಹುಡುಗ ಯಾವ ಹೊತ್ತಿಗೆ, ಎಲ್ಲಿ ಕೂತು, ಏನು ಉಂಡ ಎಂಬುದರ ಬಗ್ಗೆ ವಿಮರ್ಶೆ ಬಂದದ್ದನ್ನು ನಾನು ಕಂಡಿಲ್ಲ. ಆತಿಥ್ಯದ ಕಸುಬು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬೇಕಾದರೆ ಮೊದಲು ನೋಡಬೇಕಾದದ್ದು ಇದನ್ನೇ ಎಂದು ನಾನು ನಂಬುತ್ತೇನೆ.

ಅಳೆಯಲು ಒಂದು ಅಳತೆ ಬೇಕು. ಸಮುದ್ರದ ವಿಹಾರ ನೌಕೆಯ ಸಿಬ್ಬಂದಿಯ ಊಟವನ್ನು ನಾನು ಎದುರಿಗಿಟ್ಟುಕೊಂಡಿದ್ದೇನೆ. ಕಡಲ ಗಾಳಿ ಸೋಕದ ಕೊಪ್ಪಳ ಜಿಲ್ಲೆಗೆ ಹಡಗಿನ ಅಳತೆ ಏಕೆ ಎಂದು ಕೇಳಬಹುದು. ಕಾರಣ ಸರಳ. ರಜೆಗೆ ಬಂದವರ ನಡುವೆ, ರಜೆಯಿಲ್ಲದೆ, ಕೆಲಸದ ಜಾಗದಲ್ಲೇ ಮಲಗಿ, ಕೆಲಸದ ಜಾಗದಲ್ಲೇ ಉಂಡು ತಿಂಗಳುಗಟ್ಟಲೆ ಬದುಕುವ ರೀತಿ ಹಡಗಿನಲ್ಲೂ ಇದೆ, ಹನುಮನಹಳ್ಳಿಯಲ್ಲೂ ಇದೆ. ಹಡಗಿನಲ್ಲಿ ಆ ಬದುಕಿಗೆ ಬರೆದಿಟ್ಟ ನಿಯಮಗಳಿವೆ. ಇಲ್ಲಿ ಓನರ್ ಹೇಳಿದ್ದೇ ನಿಯಮ.

ಹನುಮನಹಳ್ಳಿ ಈ ವ್ಯಾಪಾರಕ್ಕೆ ತಾನಾಗಿ ಬಂದ ಊರಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈನಲ್ಲಿ ಹಂಪಿ ಬಜಾರದ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಹೊಳೆಯಾಚೆಯ ವಿರೂಪಾಪುರ ಗಡ್ಡಿಯಲ್ಲಿ ಬೆಳೆದಿದ್ದ ಕೆಫೆ, ಗುಡಿಸಲು, ಗೆಸ್ಟ್‌ಹೌಸ್‌ಗಳ ಮೇಲೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅದರ ಬೆನ್ನಿಗೇ ಕೊರೊನಾ. ಮತ್ತೆ ಜನ ಬರತೊಡಗಿದಾಗ ಅವರು ಇಳಿದುಕೊಳ್ಳಲು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಕಡೆ ಹೊರಳಿದರು. ಅಂಜನಾದ್ರಿಗೆ ಬರುವ ಭಕ್ತರ ಸಂಖ್ಯೆಯೂ ಅದೇ ವರ್ಷಗಳಲ್ಲಿ ಏರಿತು. ವ್ಯಾಪಾರ ದಂಡೆಯಿಂದ ದಂಡೆಗೆ ಜಿಗಿದಾಗಲೆಲ್ಲ ಅಡುಗೆಯವರು, ಸಪ್ಲಾಯರ್‌ಗಳು, ರೂಮ್ ಬಾಯ್‌ಗಳೂ ಗಂಟುಮೂಟೆ ಕಟ್ಟಿದರು. ಯಾರ ಕಟ್ಟಡ ಹೋಯಿತು ಎಂಬುದು ಸುದ್ದಿಯಾಯಿತು. ಯಾರ ಕೆಲಸ ಹೋಯಿತು ಎಂಬುದು ಆಗಲಿಲ್ಲ.

ಈ ಕೆಲಸಗಾರರಲ್ಲಿ ಎರಡು ಬಗೆ. ಹಾಸಿಗೆ ಒಗೆಯಲು, ಅಂಗಳ ಗುಡಿಸಲು, ಪಾತ್ರೆ ತೊಳೆಯಲು ಬರುವ ಹೆಣ್ಣುಮಕ್ಕಳು ಹೆಚ್ಚಾಗಿ ಊರಿನವರು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬಂದಿರುತ್ತಾರೆ, ಮಧ್ಯಾಹ್ನ ಮನೆಗೆ ಹೋಗಿ ಉಣ್ಣುತ್ತಾರೆ. ಅವರ ಕಷ್ಟ ಬೇರೆ. ಅದು ಕೂಲಿಯ ಕಷ್ಟ, ಎರಡು ಮನೆಯ ಕೆಲಸದ ಕಷ್ಟ. ಎರಡನೆಯ ಬಗೆಯವರು ಅಲ್ಲೇ ಮಲಗುವವರು. ನೇಪಾಳದಿಂದ, ಈಶಾನ್ಯದ ರಾಜ್ಯಗಳಿಂದ, ಒಡಿಶಾದಿಂದ ಬಂದವರಿದ್ದಾರೆ. ನಮ್ಮದೇ ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಬಂದ ಹುಡುಗರಿದ್ದಾರೆ. ಆ ತಾಲ್ಲೂಕುಗಳ ಜನ ಹಿಂದಿನಿಂದಲೂ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವವರು. ಈಗ ಸ್ವಂತ ಜಿಲ್ಲೆಯಲ್ಲೇ ಒಂದು ಗುಳೆಯ ತಾಣ ಸಿಕ್ಕಿದೆ. ನನ್ನ ಮಾತು ಈ ಎರಡನೆಯ ಬಗೆಯವರನ್ನು ಕುರಿತದ್ದು.

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಸೀಜನ್ನಿನಲ್ಲಿ ಇಂಥ ಒಬ್ಬನ ದಿನ ಕತ್ತಲಲ್ಲೇ ಶುರುವಾಗುತ್ತದೆ. ಸೂರ್ಯೋದಯ ನೋಡಲು ಬೆಟ್ಟ ಹತ್ತುವವರಿಗೆ ಐದಕ್ಕೆ ಚಹಾ ಕೊಡಬೇಕು. ಅವರು ಇಳಿದು ಬರುವಷ್ಟರಲ್ಲಿ ತಿಂಡಿ. ತಿಂಡಿಯ ಹೊತ್ತು ನಮ್ಮ ಹೋಟೆಲುಗಳ ಹಾಗೆ ಒಂಬತ್ತೂವರೆಗೆ ಮುಗಿಯುವುದಿಲ್ಲ. ತಡವಾಗಿ ಏಳುವುದೇ ರಜೆಯ ಸುಖ ಎಂದುಕೊಂಡವರಿಗೆ ಹನ್ನೊಂದರವರೆಗೂ ಬ್ರೇಕ್‌ಫಾಸ್ಟ್ ನಡೆದಿರುತ್ತದೆ. ಆ ಹೊತ್ತಿಗೆ ಹೊಸ ಅತಿಥಿಗಳ ಬ್ಯಾಗು, ಹಳೆಯವರ ಬಿಲ್ಲು. ಹಂಪಿ ಸುತ್ತಿ ಬಂದವರು ಎರಡಕ್ಕೂ ಬರುತ್ತಾರೆ, ಮೂರೂವರೆಗೂ ಬರುತ್ತಾರೆ. ಸಂಜೆ ಸಾಣಾಪುರ ಕೆರೆಯಿಂದ ಮರಳಿದವರಿಗೆ ಮತ್ತೆ ಚಹಾ, ಪಕೋಡ. ಏಳೂವರೆಗೆ ಶುರುವಾದ ರಾತ್ರಿ ಊಟ ಹನ್ನೊಂದಕ್ಕೆ ಮುಗಿದರೆ ಪುಣ್ಯ. ಇಷ್ಟರ ನಡುವೆ ಕೆಲಸದವರ ಊಟಕ್ಕೆಂದು ಬಿಡುವಾದ ಹೊತ್ತು ಯಾವುದು ಎಂದು ಹುಡುಕಿದರೆ, ನಾನು ನೋಡಿದ ಕಡೆಗಳಲ್ಲಿ ಅಂಥ ಹೊತ್ತೇ ಇರಲಿಲ್ಲ. ಆರ್ಡರ್ ನಿಂತಾಗ ಉಣ್ಣಬೇಕು, ಉಣ್ಣುವಾಗ ಆರ್ಡರ್ ಬಂದರೆ ಏಳಬೇಕು. ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿ ನಿಂತು, ತಟ್ಟೆಯನ್ನು ಅಕ್ಕಿಚೀಲದ ಮೇಲಿಟ್ಟು ಉಣ್ಣುವವರನ್ನು ಕಂಡಿದ್ದೇನೆ. ಯಲಬುರ್ಗಾ ಕಡೆಯ ಹುಡುಗನೊಬ್ಬನನ್ನು ಊಟ ಆಯಿತೇನಪ್ಪಾ ಎಂದು ಕೇಳಿದಾಗ ಅವನು ಹೇಳಿದ: "ಉಂಡೆ ಅಂತ ಹೇಳಾಕ ಬರಂಗಿಲ್ರಿ ಸರ್, ಹೊಟ್ಟಿಗೆ ಹಾಕ್ಕೊಂಡೆ ಅಷ್ಟ."

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅನ್ನಕ್ಕೆ ಕೊರತೆಯಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯ ನೆಲವನ್ನು ಭತ್ತದ ಕಣಜ ಮಾಡಿದೆ. ಇಲ್ಲಿನ ಸೋನಾ ಮಸೂರಿ ದೂರದೂರಿಗೆ ಹೋಗುತ್ತದೆ. ಊಟ ಕೊಡುವುದಿಲ್ಲ ಎನ್ನುವ ಓನರ್‌ನನ್ನು ನಾನು ಕಂಡಿಲ್ಲ. ಎಷ್ಟು ಬೇಕಾದರೂ ಹಾಕಿಕೊಳ್ಳಲಿ ಎಂದು ಮನಸ್ಸಾರೆ ಹೇಳುವವರೇ ಹೆಚ್ಚು. ಆದ್ದರಿಂದ ಇದು ಹೊಟ್ಟೆಗೆ ಹಾಕದ ಕ್ರೌರ್ಯದ ಕತೆಯಲ್ಲ. ಆದರೆ ಬೆಳಗಿನ ಸಾರು ಸಂಜೆ ನಾಲ್ಕಕ್ಕೆ ತಣ್ಣಗಾಗಿ ಸಿಗುತ್ತದೆ. ರಾತ್ರಿಯ ಊಟ ನಿದ್ದೆಯ ಜೊತೆ ಜಗಳವಾಡುತ್ತದೆ. ಮೂರು ಭಾಷೆಯ ನಾಲ್ವರು ಹುಡುಗರು ಒಂದೇ ಹೊತ್ತಿಗೆ ಕೂತು ಉಂಡು ಒಬ್ಬರ ಮುಖ ಒಬ್ಬರು ನೋಡುವ ಅವಕಾಶ ವಾರಕ್ಕೊಮ್ಮೆಯೂ ಒದಗುವುದಿಲ್ಲ. ಕೊರತೆ ಇರುವುದು ಹೊತ್ತಿನದು, ಕೂರುವ ಜಾಗದ್ದು.

ಈಗ ಹಡಗಿಗೆ ಬರೋಣ. ವಿಹಾರ ನೌಕೆಯೆಂದರೆ ಸಾವಿರಾರು ಜನರ ತೇಲುವ ಹೋಟೆಲು. ಮೇಲಿನ ಡೆಕ್ಕುಗಳಲ್ಲಿ ಈಜುಕೊಳ, ಕೆಫೆ, ನಾಟಕಶಾಲೆ. ಕೆಳಗೆ, ಹಲವು ಕಡೆ ನೀರಿನ ಮಟ್ಟಕ್ಕೂ ಕೆಳಗೆ, ಕೆಲಸಗಾರರ ಕೋಣೆಗಳು. ಕಿಟಕಿಯಿಲ್ಲದ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ. ಗೋವಾ, ಕಾರವಾರ, ಮಂಗಳೂರು, ಕೇರಳದ ಕರಾವಳಿಯ ಎಷ್ಟೋ ಮನೆಗಳಿಗೆ ಈ ಕೋಣೆ ಗೊತ್ತು. ಮಗನೋ ಅಳಿಯನೋ ಹಡಗಿನಲ್ಲಿದ್ದಾನೆ ಎಂದರೆ ಮನೆ ಕಟ್ಟುತ್ತಿದ್ದಾರೆ ಎಂದೇ ಅರ್ಥ. ಆರರಿಂದ ಒಂಬತ್ತು ತಿಂಗಳ ಕಾಂಟ್ರಾಕ್ಟಿನಲ್ಲಿ ಪೂರ್ತಿ ಒಂದು ದಿನದ ರಜೆ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ದಿನದೊಳಗೆ ಕೆಲವು ಗಂಟೆಯ ಬಿಡುವು ಮಾತ್ರ. ಸಪ್ಲಾಯರ್ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಮೂರನ್ನೂ ನೋಡಿಕೊಳ್ಳಬೇಕು. ಮೂರರ ನಡುವೆ ದಿನ ತುಂಡಾಗುತ್ತದೆ.

ಆದರೂ ಅಲ್ಲಿ ಕ್ರೂ ಮೆಸ್ ಎಂಬ ಒಂದು ಕೋಣೆ ಇದೆ. ಅದಕ್ಕೆ ತನ್ನದೇ ಅಡುಗೆಯವರಿದ್ದಾರೆ, ಹೊತ್ತಿದೆ, ಕುರ್ಚಿಯಿದೆ. ಬಡಿಸುವವರು ಅತಿಥಿಗಳಿಗಿಂತ ಮೊದಲು ಉಣ್ಣುತ್ತಾರೆ. ಸಂಜೆಯ ಪಾಳಿ ಶುರುವಾಗುವ ಮುನ್ನ ಮೆಸ್‌ನಲ್ಲಿ ಊಟ ಸಿದ್ಧವಿರುತ್ತದೆ, ರಾತ್ರಿಪಾಳಿಯವರಿಗೆ ನಡುರಾತ್ರಿಯಲ್ಲಿ ಇನ್ನೊಮ್ಮೆ. ಹತ್ತಾರು ದೇಶಗಳ ಜನ ಕೂಡಿ ಉಣ್ಣುವ ಜಾಗವಾದ್ದರಿಂದ ಅನ್ನ ಪ್ರತಿ ಊಟದಲ್ಲೂ ಇರುತ್ತದೆ. ಫಿಲಿಪೈನ್ಸ್‌ನವರ ಮೀನಿನ ಸಾರಿನ ಪಕ್ಕದಲ್ಲಿ ನಮ್ಮವರ ದಾಲ್, ಪಲ್ಯ. ರುಚಿಯ ಬಗ್ಗೆ ದೂರುಗಳು ಮುಗಿಯುವುದಿಲ್ಲ. ಅದೇ ಅದೇ ಕೋಳಿ, ಖಾರವಿಲ್ಲದ ಸಾರು, ಮನೆಯ ಉಪ್ಪಿನಕಾಯಿ ಬಾಟಲಿಯೇ ಗತಿ ಎಂದು ರಜೆಗೆ ಬಂದವರು ಹೇಳುತ್ತಾರೆ. ಆದರೆ ಊಟದ ಹೊತ್ತೇ ಇಲ್ಲ ಎಂಬ ದೂರು ಹಡಗಿನಲ್ಲಿ ದೂರಾಗಿ ನಿಲ್ಲುತ್ತದೆ, ಅದನ್ನು ಬರೆದುಕೊಡಲು ಒಂದು ಜಾಗವಿದೆ.

ಇದು ಹಡಗಿನ ಮಾಲೀಕರ ಒಳ್ಳೆಯತನದಿಂದ ಬಂದದ್ದಲ್ಲ. ತಟ್ಟೆಯ ಮೇಲಿನ ಜಗಳಗಳಿಂದ ಬಂದದ್ದು. 1905ರಲ್ಲಿ ರಷ್ಯಾದ ಪೊಟೆಮ್ಕಿನ್ ಯುದ್ಧನೌಕೆಯ ದಂಗೆ ಹುಳು ಬಿದ್ದ ಮಾಂಸದಿಂದ ಹೊತ್ತಿಕೊಂಡಿತು. ನಮ್ಮದೇ ನೆಲದಲ್ಲಿ 1946ರ ಫೆಬ್ರವರಿ 18ರಂದು ಮುಂಬೈಯ ತಲ್ವಾರ್ ಕೇಂದ್ರದ ಭಾರತೀಯ ನಾವಿಕರು ಊಟವನ್ನು ತಿರಸ್ಕರಿಸಿ ಕೂತರು. ಕೆಟ್ಟ ಊಟ, ಅಧಿಕಾರಿಯ ಜನಾಂಗೀಯ ಬೈಗುಳ ಎರಡೂ ಸೇರಿ ಕುದಿದ ಸಿಟ್ಟು ಅದು. ಎರಡು ದಿನದೊಳಗೆ ಹಡಗಿನಿಂದ ಹಡಗಿಗೆ, ಬಂದರಿನಿಂದ ಬಂದರಿಗೆ ಹಬ್ಬಿ ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳನ್ನು ಅಲುಗಿಸಿತು. ತಲ್ವಾರ್ ಸಮುದ್ರದ ಮೇಲಿನ ಹಡಗಾಗಿರಲಿಲ್ಲ, ನೆಲದ ಮೇಲಿನ ತರಬೇತಿ ಶಾಲೆ. ತಟ್ಟೆಯ ಮೇಲಿನ ಜಗಳಕ್ಕೆ ಕಡಲೇ ಬೇಕೆಂದಿಲ್ಲ. ಅದೇ ವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹಡಗಿನ ಊಟಕ್ಕೆಂದೇ ಒಂದು ಒಪ್ಪಂದ, ಹಡಗಿನ ಅಡುಗೆಯವನ ಅರ್ಹತೆಗೆಂದೇ ಇನ್ನೊಂದು ಒಪ್ಪಂದ ಬರೆಯಿತು.

ಇವೆಲ್ಲ 2006ರ ಕಡಲ ಕಾರ್ಮಿಕ ಒಪ್ಪಂದದಲ್ಲಿ ಒಟ್ಟಾದವು. ಅದು 2013ರ ಆಗಸ್ಟ್ 20ರಿಂದ ಜಾರಿಯಲ್ಲಿದೆ, ಭಾರತ 2015ರಲ್ಲಿ ಒಪ್ಪಿಕೊಂಡಿತು. ಊಟ, ಕುಡಿಯುವ ನೀರು ಪುಕ್ಕಟೆ. ಪ್ರಮಾಣ, ಪೌಷ್ಟಿಕತೆ, ವೈವಿಧ್ಯ ಇರಬೇಕು. ಉಣ್ಣುವವರ ಧರ್ಮ, ಆಚಾರಕ್ಕೆ ತಕ್ಕಂತೆ ಇರಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಹಡಗಿನಲ್ಲಿ ತರಬೇತಾದ ಅಡುಗೆಯವನಿರಬೇಕು, ಅವನಿಗೆ 18 ತುಂಬಿರಬೇಕು. ನನಗೆ ಅತ್ಯಂತ ಹಿಡಿಸಿದ ಸಾಲು ಇನ್ನೊಂದಿದೆ: ಅಡುಗೆಮನೆ, ದಿನಸಿ, ನೀರನ್ನು ಕ್ಯಾಪ್ಟನ್ ಅಥವಾ ಅವನು ನೇಮಿಸಿದವರು ಆಗಾಗ ಪರೀಕ್ಷಿಸಿ, ಪರೀಕ್ಷಿಸಿದ್ದನ್ನು ಬರೆದಿಡಬೇಕು. ಹಡಗಿನ ಅತ್ಯುನ್ನತ ಅಧಿಕಾರಿಗೆ ಪಾತ್ರೆ ತೊಳೆಯುವವನ ಊಟದ ಲೆಕ್ಕ ಗೊತ್ತಿರಬೇಕು ಎಂದು ಕಾನೂನು ಹೇಳುತ್ತದೆ. ಅಮೆರಿಕದ ಬಂದರಿಗೆ ಹೋಗುವ ನೌಕೆಗಳಿಗೆ 1975ರಿಂದ ನಡೆಯುತ್ತಿರುವ ನೈರ್ಮಲ್ಯ ತಪಾಸಣೆ ಇನ್ನೂ ಕಟುವಾದದ್ದು. ನೂರಕ್ಕೆ 85 ಅಂಕ ಬಂದರೂ ಹಡಗು ಫೇಲು. ಆ ತಪಾಸಣೆ ಅತಿಥಿಗಳ ಅಡುಗೆಮನೆಯ ಜೊತೆ ಕ್ರೂ ಅಡುಗೆಮನೆಗೂ ಕಾಲಿಡುತ್ತದೆ. ವಾಂತಿಭೇದಿಗೆ ಮೇಲಿನ ಡೆಕ್, ಕೆಳಗಿನ ಡೆಕ್ ಎಂಬ ಭೇದವಿಲ್ಲ ಎಂಬುದು ಅವರಿಗೆ ಗೊತ್ತು.

ಹಾಗೆಂದು ಹಡಗನ್ನು ಸ್ವರ್ಗವೆಂದು ಕೊಂಡಾಡಲು ನಾನು ಹೊರಟಿಲ್ಲ. ಅದೇ ಒಪ್ಪಂದ ದಿನಕ್ಕೆ 14 ಗಂಟೆಯವರೆಗೆ, ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಅನುಮತಿ ಕೊಡುತ್ತದೆ. ವಿಶ್ರಾಂತಿಯ ಲೆಕ್ಕ ಹಿಡಿದರೆ ದಿನಕ್ಕೆ ಕನಿಷ್ಠ 10 ಗಂಟೆ, ಅದನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು ಕನಿಷ್ಠ 6 ಗಂಟೆಯದಾಗಿರಬೇಕು. ನೆಲದ ಮೇಲೆ ವಾರಕ್ಕೆ 48 ಗಂಟೆಯ ಮಾತಾಡುವ ಕಾಲದಲ್ಲಿ ಈ 72 ನನಗೆ ಒಪ್ಪಿಗೆಯಾಗುವುದಿಲ್ಲ. ಇನ್ನು, ಕ್ರೂ ಮೆಸ್ಸಿನ ದುರ್ಬಲತೆ ಏನೆಂಬುದು 2020ರ ಫೆಬ್ರವರಿಯಲ್ಲಿ ಇಡೀ ಜಗತ್ತಿಗೆ ಕಾಣಿಸಿತು. ಜಪಾನಿನ ಯೋಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ನೌಕೆ ನಿಂತಿತ್ತು. ಒಳಗೆ 3,711 ಜನ, ಅವರಲ್ಲಿ ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ಭಾರತೀಯರು 138, ಅವರಲ್ಲಿ 132 ಮಂದಿ ಕೆಲಸಗಾರರೇ. ಅತಿಥಿಗಳನ್ನು ಅವರವರ ಕೋಣೆಯಲ್ಲಿ ಕೂರಿಸಿ ಬಾಗಿಲಿಗೆ ಊಟ ತಲುಪಿಸಲಾಯಿತು. ತಲುಪಿಸುವವರು ಮಾತ್ರ ಒಟ್ಟಿಗೆ ಬೇಯಿಸಿ, ಒಂದೇ ಮೆಸ್‌ನಲ್ಲಿ ಉಂಡು, ಒಂದೇ ಕೋಣೆಯಲ್ಲಿ ಇಬ್ಬಿಬ್ಬರು ಮಲಗಿದರು. ಫೆಬ್ರವರಿ 9ರವರೆಗೆ ಸೋಂಕು ಖಚಿತವಾದ 20 ಸಿಬ್ಬಂದಿಯಲ್ಲಿ 15 ಜನ ಅಡುಗೆ, ಬಡಿಸುವ ವಿಭಾಗದವರು. ಒಂದು ಹಡಗಿನ ಊಟ ನಿಲ್ಲದ ಹಾಗೆ ನೋಡಿಕೊಂಡವರು ಅದರ ಬೆಲೆಯನ್ನು ತಮ್ಮ ದೇಹದಲ್ಲಿ ತೆತ್ತರು. ವಿರೂಪಾಪುರ ಗಡ್ಡಿಯ ತೀರ್ಪು ಬಂದದ್ದೂ ಅದೇ ತಿಂಗಳು. ಅಲ್ಲಿ ಬಡಿಸುವವರು ಹೊರಗೆ ಬರಲಾಗದೆ ಸಿಕ್ಕಿಕೊಂಡಿದ್ದರು, ಇಲ್ಲಿ ಬಡಿಸುವವರನ್ನು ಹೊರಗೆ ಹಾಕಲಾಯಿತು. ಎರಡೂ ಕಡೆ ನಿರ್ಧಾರದ ಮೇಜಿನಲ್ಲಿ ಅವರಿರಲಿಲ್ಲ.

ಸಮುದ್ರದ ಕಾನೂನು ಊಟದ ಬಗ್ಗೆ ಇಷ್ಟು ಕೂಲಂಕಷವಾಗಿರಲು ಒಂದೇ ಕಾರಣ: ಹಡಗಿನವನು ಎದ್ದು ಮನೆಗೆ ಹೋಗಿ ಉಣ್ಣಲಾರ. ನೆಲದ ಕಾನೂನು, ಕೆಲಸಗಾರ ಸಂಜೆ ಮನೆಗೆ ಹೋಗುತ್ತಾನೆ ಎಂದು ಎಣಿಸಿ ಬರೆದದ್ದು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು ಎನ್ನುತ್ತದೆ. ಒಳ್ಳೆಯ ನಿಯಮ. ಪಟ್ಟಣಗಳನ್ನು ಮನಸ್ಸಿನಲ್ಲಿಟ್ಟು ಬಂದ ಈ ಕಾಯ್ದೆಯ ನೆರಳು ಹನುಮನಹಳ್ಳಿಯ ಗದ್ದೆಯಂಚಿನ ಕೆಫೆಯವರೆಗೆ ಚಾಚಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಈ ಭಾಗದ ಎಷ್ಟೋ ರೆಸಾರ್ಟ್‌ಗಳ ತಲೆಯ ಮೇಲೆ ಅನಧಿಕೃತ ಎಂಬ ಕತ್ತಿ ತೂಗುತ್ತಿದೆ. ಬೀಗ ಹಾಕುವುದು, ತೆರೆಯುವುದು ನಡೆದೇ ಇದೆ. ಪರಂಪರೆಯ ರಕ್ಷಣೆ ಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಕಟ್ಟಡವೇ ಕಾಗದದಲ್ಲಿ ಇಲ್ಲದಿರುವಾಗ ಅದರೊಳಗೆ ಮಲಗುವವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿ ಇರುತ್ತದೆ? ಕಟ್ಟಡ ಉಳಿಯಬೇಕೋ ಬೀಳಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಲಿ, ಅಷ್ಟು ವರ್ಷ ಅವನು ನಿಂತೇ ಉಣ್ಣಬೇಕೆ?

ಓನರ್‌ಗಳ ಕಡೆಯಿಂದ ಬರುವ ಉತ್ತರ ಸಂಸ್ಕೃತಿಯ ಹೆಸರಿನಲ್ಲಿ ಬರುತ್ತದೆ. ಅತಿಥಿ ದೇವರು, ದೇವರಿಗೆ ನೈವೇದ್ಯವಾದ ಮೇಲೆ ನಾವು. ದಾಸೋಹದ ನಾಡು ನಮ್ಮದು ಎಂಬ ಹೆಮ್ಮೆಯ ಮಾತೂ ಸೇರುತ್ತದೆ. ಆ ಹೆಮ್ಮೆಗೆ ಆಧಾರವಿದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ, ಮಹಾದಾಸೋಹದಲ್ಲಿ ಊರವರೇ ಬಂದು ಮಿರ್ಚಿ ಕರಿದು ಬಡಿಸುತ್ತಾರೆ. ಅಲ್ಲಿ ಬಡಿಸುವವರು ತಡವಾಗಿ ಉಂಡರೆ ಅದು ಅವರು ತಾವಾಗಿ ಹೊತ್ತ ಸೇವೆ. ನಾಳೆ ಬೇಡವೆಂದರೆ ಬರದೆ ಇರಬಹುದು. ಸಂಬಳಕ್ಕೆ ದುಡಿಯುವ ಹುಡುಗನ ಮೇಲೆ ಆ ಸೇವಾಭಾವವನ್ನು ಹೇರುವುದು, ಪ್ಯಾನ್‌ಕೇಕಿನ ಬಿಲ್ಲನ್ನು ಮಾತ್ರ ತಾನು ಇಟ್ಟುಕೊಳ್ಳುವುದು ದಾಸೋಹವಾಗುವುದಿಲ್ಲ. ಶಾಸ್ತ್ರವನ್ನೇ ಕೇಳುವುದಾದರೆ ಅತಿಥಿಸತ್ಕಾರವನ್ನು ವಿವರಿಸುವ ಆಪಸ್ತಂಬ ಧರ್ಮಸೂತ್ರ ಬಹಳ ಸ್ಪಷ್ಟವಾಗಿದೆ. ಮನೆಯೊಡೆಯ ತನ್ನ ಊಟಕ್ಕೆ, ಬೇಕಾದರೆ ಹೆಂಡತಿ ಮಕ್ಕಳ ಊಟಕ್ಕೆ ಕಡಿತ ಹಾಕಿಕೊಳ್ಳಬಹುದು, ಮನೆಯಲ್ಲಿ ದುಡಿಯುವ ಆಳಿನ ಊಟಕ್ಕೆ ಎಂದಿಗೂ ಹಾಕಬಾರದು ಎಂಬುದು ಅದರ ಆಶಯ. ಕೊನೆಗೆ ಉಣ್ಣಬೇಕಾದವನು ಒಡೆಯ. ನಾವು ಆ ಕೊನೆಯ ಸಾಲಿಗೆ ಆಳನ್ನು ತಳ್ಳಿ, ಸಂಸ್ಕೃತಿ ಎಂದು ಕರೆದುಕೊಂಡಿದ್ದೇವೆ. ಹನುಮನಹಳ್ಳಿಯ ಹತ್ತಿರದಲ್ಲೇ ಪಂಪಾ ಸರೋವರವಿದೆ, ಅಲ್ಲಿ ಶಬರಿಯ ಗವಿ ತೋರಿಸುತ್ತಾರೆ. ಜನ ಹೇಳುವ ಕತೆಯಲ್ಲಿ ಅವಳು ಪ್ರತಿ ಹಣ್ಣನ್ನೂ ತಾನು ಕಚ್ಚಿ ನೋಡಿಯೇ ರಾಮನಿಗೆ ಕೊಟ್ಟಳು. ದೇವರಾಗಿ ಬಂದ ಅತಿಥಿಗೂ ಇಲ್ಲಿ ಉಣಿಸುವವಳು ಮೊದಲು ತಿಂದಳು, ಅದನ್ನು ಯಾರೂ ಅಪಚಾರ ಎನ್ನಲಿಲ್ಲ.

ಊಟದ ಹೊತ್ತನ್ನು ಬಿಟ್ಟುಕೊಡದ ಕೆಲಸಗಾರರನ್ನು ಕಾಣಬೇಕಾದರೆ ಹೊಳೆಯ ದಂಡೆಗೆ ಹೋಗಬೇಕು. ಹರಿಗೋಲು ನಡೆಸುವವರು ಈ ನೀರಿನ ಮೇಲಿನ ಅತ್ಯಂತ ಹಳೆಯ ಸಿಬ್ಬಂದಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಗೆ ಹೊಳೆ ದಾಟಿಸುವ, ಬುಟ್ಟಿಯ ಹಾಗೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಅವುಗಳಲ್ಲಿ ಎತ್ತು, ಕುದುರೆಗಳೂ ದಾಟುತ್ತಿದ್ದವು. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ದಾಟಿಸುವುದರ ಬದಲು ಸುತ್ತಿಸುವುದು. ಸರದಿಯ ಪ್ರಕಾರ ಹರಿಗೋಲು ಬಿಡುವುದರಿಂದ ತನ್ನ ಪಾಳಿ ಬರುವವರೆಗೆ ಒಬ್ಬನಿಗೆ ಹೊತ್ತು ಸಿಗುತ್ತದೆ. ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ: ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ. ಪಕ್ಕದವನ ಬುತ್ತಿಗೂ ಕೈ ಹೋಗುತ್ತದೆ. ದಡದಲ್ಲಿ ನಿಂತ ಅಪರಿಚಿತನಿಗೂ "ಬರ್ರಿ, ಉಣ್ಣಾಕ ಬರ್ರಿ" ಎನ್ನುತ್ತಾರೆ. ಆಣೆಕಟ್ಟಿನಿಂದ ನೀರು ಬಿಟ್ಟರೆ ಹರಿಗೋಲು ನಿಲ್ಲುತ್ತದೆ, ಆಗ ಗಳಿಕೆಯೂ ನಿಲ್ಲುತ್ತದೆ. ಅವರ ಬದುಕು ಸುಖದ್ದೆಂದು ನಾನು ಹೇಳುತ್ತಿಲ್ಲ. ಆದರೆ ಗೆಸ್ಟ್‌ಹೌಸಿನ ಹುಡುಗನಿಗಿಲ್ಲದ ಒಂದು ಅವರಿಗಿದೆ. ಸರದಿ ಎಂಬ ಕಟ್ಟುಪಾಡನ್ನು ಅವರೇ ಮಾಡಿಕೊಂಡಿದ್ದಾರೆ, ಅದು ಅವರ ಊಟವನ್ನು ಕಾಯುತ್ತದೆ.

ಹೊಳೆಯಾಚೆ ಹಂಪಿಯ ರಾಜಾವರಣದ ಬಳಿ ಭೋಜನಶಾಲೆ ಎಂದು ಕರೆಯುವ ತಾಣವಿದೆ. ನೀರಿನ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು, ಅನ್ನಕ್ಕೆ ಒಂದು ಗುಣಿ, ಪಲ್ಯ ಸಾರಿಗೆ ಚಿಕ್ಕ ಚಿಕ್ಕ ಗುಣಿಗಳು. ಪ್ರವಾಸಿಗರು ಅಲ್ಲಿ ಕೂತು ಉಣ್ಣುವಂತೆ ನಟಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಅಲ್ಲಿ ನೋಡುವುದು ಯೋಜನೆಯನ್ನು. ಬಹಳ ಜನ ಒಂದೇ ಹೊತ್ತಿಗೆ, ಒಂದೇ ಎತ್ತರದಲ್ಲಿ, ಎದುರುಬದುರು ಕೂತು, ಕೈಗೆಟುಕುವಲ್ಲಿ ಹರಿಯುವ ನೀರಿಟ್ಟುಕೊಂಡು ಉಣ್ಣಲೆಂದು ಯಾರೋ ಯೋಚಿಸಿ ಕಲ್ಲು ಕಡೆಸಿದ್ದಾರೆ. ಈ ನೆಲದಲ್ಲಿ ಐನೂರು ವರ್ಷದ ಹಿಂದೆ ಊಟದ ಜಾಗಕ್ಕೆ ಕೊಟ್ಟ ಯೋಚನೆಯ ಒಂದು ಪಾಲು ಈಗಿನ ಗೆಸ್ಟ್‌ಹೌಸಿನ ನಕ್ಷೆಯಲ್ಲಿ ಇದ್ದಿದ್ದರೆ, ಅಡುಗೆಮನೆಯ ಹಿಂದೆ ಒಂದು ಚಪ್ಪರ, ಒಂದು ಬೆಂಚು ಎಂದೋ ಬಂದಿರುತ್ತಿತ್ತು.

ಹಡಗಿನಿಂದ ಹನುಮನಹಳ್ಳಿಗೆ ತರಬೇಕಾದದ್ದು ಬಹಳವಿಲ್ಲ. ಗೋಡೆಯ ಮೇಲೆ ಅತಿಥಿಗೂ ಕಾಣುವಂತೆ ಬರೆದ ಕೆಲಸದವರ ಊಟದ ಹೊತ್ತು. ಅವರಿಗೆಂದೇ, ಪಾಳಿಗೆ ಮುಂಚೆ ಬೇಯಿಸಿದ ಬಿಸಿ ಊಟ. ದಿನಕ್ಕೊಮ್ಮೆ ಓನರ್ ಅದೇ ಪಾತ್ರೆಯಿಂದ ಬಡಿಸಿಕೊಂಡು ಅವರ ಜೊತೆ ಕೂತು ಉಣ್ಣುವುದು, ಇದು ಕ್ಯಾಪ್ಟನ್ನನ ತಪಾಸಣೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ತರಬಾರದ್ದು ಒಂದಿದೆ. ಹಡಗಿನಲ್ಲಿ ಅಧಿಕಾರಿಗಳಿಗೊಂದು ಮೆಸ್, ಮೇಲಿನ ಸಿಬ್ಬಂದಿಗೊಂದು, ಉಳಿದವರಿಗೊಂದು. ಭುಜದ ಪಟ್ಟಿ ನೋಡಿ ತಟ್ಟೆ ಕೊಡುವ ಆ ಪದ್ಧತಿ ಪಂಕ್ತಿಭೇದದ ಇನ್ನೊಂದು ರೂಪ. ಅದನ್ನು ಹೊಸದಾಗಿ ಕಲಿಯುವ ಅಗತ್ಯ ನಮಗಿಲ್ಲ, ನಮ್ಮಲ್ಲಿ ಬೇಕಾದಷ್ಟಿದೆ.

ಒಬ್ಬನೇ ಓನರ್ ಮನಸ್ಸು ಮಾಡಿದರೆ ಸಾಲದು ಎಂಬುದು ನಿಜ. ತನ್ನ ಅಡುಗೆಮನೆ ಮುಚ್ಚಿದರೆ ಅತಿಥಿ ಪಕ್ಕದ ಕೆಫೆಗೆ ಎದ್ದು ಹೋಗುತ್ತಾನೆ ಎಂಬ ಹೆದರಿಕೆ ಸುಳ್ಳಲ್ಲ. ಅದಕ್ಕೇ ಇದು ಊರಿನ ಕಟ್ಟುಪಾಡಾಗಬೇಕು. ಮಧ್ಯಾಹ್ನ ಮೂರರಿಂದ ನಾಲ್ಕು, ಹನುಮನಹಳ್ಳಿ, ಸಾಣಾಪುರ, ಆನೆಗೊಂದಿಯ ಎಲ್ಲ ಅಡುಗೆಮನೆಗಳೂ ಬಂದ್. ಡಿಸೆಂಬರ್‌ನಲ್ಲಿ ಹನುಮಮಾಲೆ ಇಳಿಸಲು ಜನಸಾಗರ ಬರುವ ದಿನಗಳಲ್ಲಿ ಹೊತ್ತು ಬದಲಿಸಿಕೊಳ್ಳಲಿ, ಪಾಳಿ ಮಾಡಿಕೊಳ್ಳಲಿ, ಆದರೆ ಹೊತ್ತು ಇರಲೇಬೇಕು. ಅತಿಥಿ ಮುನಿಯುತ್ತಾನೆ ಎನ್ನುವವರು ನಮ್ಮ ಉಡುಪಿ ಹೋಟೆಲುಗಳನ್ನು ನೋಡಲಿ. ಮೂರಕ್ಕೆ ಊಟ ಮುಗಿದರೆ ನಾಲ್ಕಕ್ಕೇ ತಿಂಡಿ, ನಡುವೆ ಎಂಥ ಗಿರಾಕಿ ಬಂದರೂ ಕಾಯಬೇಕು. ಕಾದಿದ್ದಾನೆ, ತಲೆಮಾರುಗಳಿಂದ ಕಾದಿದ್ದಾನೆ, ಆ ಹೋಟೆಲುಗಳು ಮುಂಬೈಯವರೆಗೆ ಬೆಳೆದವು. ಅದೇ ಮುಂಬೈಯಲ್ಲಿ ಹಗಲು ಲೋಟ ತೊಳೆದ ಕನ್ನಡದ ಹುಡುಗರು ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದರು, ಮುಂದೆ ಗುಮಾಸ್ತರು, ವಕೀಲರು, ಲೇಖಕರು ಆದವರೂ ಇದ್ದಾರೆ. ಸಂಜೆ ಇಷ್ಟು ಹೊತ್ತಿಗೆ ಹುಡುಗನನ್ನು ಬಿಟ್ಟುಕೊಡಬೇಕು ಎಂದು ಒಪ್ಪಿದ ಮಾಲೀಕರು ಅಲ್ಲಿದ್ದರು. ಗಿರಾಕಿಯ ನಡುವೆಯೇ ಗಡಿಯಾರ ನೋಡಿ ಏಪ್ರನ್ ಬಿಚ್ಚಲು ಆ ಹುಡುಗನಿಗೆ ಹಕ್ಕಿತ್ತು. ಯಲಬುರ್ಗಾದಿಂದ ಹನುಮನಹಳ್ಳಿಗೆ ಬಂದ ಹುಡುಗನಿಗೆ ಸದ್ಯ ಬೇಕಾಗಿರುವುದು ಒಂದು ಗಂಟೆ, ಕೂರಲು ಒಂದು ಬೆಂಚು, ಮತ್ತು ಆ ಹೊತ್ತಿನಲ್ಲಿ ಯಾರೂ ಕೂಗಿ ಕರೆಯುವುದಿಲ್ಲ ಎಂಬ ಖಾತ್ರಿ.